ಹಂಗಾಮಿ ಮೇಸ್ತ್ರಿ

ಹನ್ನೊಂದು ವರ್ಷ ನಾನು ಕುಸ್ತೋದ್ ಮೇಸ್ತ್ರಿಗಳ ಒಂದು ಕಿವಿ ಮತ್ತು ಅರ್ಧ ಮೀಸೆಯನ್ನು ಮಾತ್ರ ನೋಡುತ್ತ ಕೆಲಸ ಮಾಡಿದೆ. ನಮ್ಮ ಊರಿನ ದೊಡ್ಡ ಇಗರ್ಜಿಯಲ್ಲಿ ಆರ್ಗನ್ ಇರುವುದು ಮುಂಬಾಗಿಲ ಮೇಲಿನ ಮಹಡಿಯಲ್ಲಿ. ಅದರ ಬೆನ್ನಿಗೆ ಒಂದು ಕತ್ತಲೆ ಗೂಡು, ಗೂಡಿನಲ್ಲಿ ಅದಕ್ಕೆ ಗಾಳಿ ಊದುವ ಎರಡು ದೊಡ್ಡ ತಿದಿಗಳು. ನಾನು ಕಮ್ಮಾರನ ಮಗಳು, ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿಯೇ ಬೆಳೆದವಳು, ಹಾಗಾಗಿ ಆ ಕೆಲಸಕ್ಕೆ ನನ್ನನ್ನು ಕರೆದಿದ್ದರು. ಹಲಗೆಗಳ ನಡುವಿನ ಸಂದಿಯಿಂದ, ಹಾಡು ಕಲಿಸಿ ಆರ್ಗನ್ ಬಾರಿಸುವ ಮೇಸ್ತ್ರಿಗಳ ಬಲಗಿವಿ ಕಾಣುತ್ತಿತ್ತು. ಆ ಕಿವಿ ಕೆಂಪಾಯಿತೆಂದರೆ ಹಾಡುಗಾರರಲ್ಲಿ ಯಾರೋ ತಪ್ಪಿದ್ದಾರೆ ಎಂದು ತಿಳಿಯಬೇಕು.

ನನ್ನ ಹೆಸರು ದುಲ್ಸಿನ್. ಗಂಡ ಸಾಂತಾನ್, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ದಾಟಿಸುವವನು. ಮೇಸ್ತ್ರಿಗಳ ಕಥೆ ಹೇಳಲು ಹೊರಟವಳು ನನ್ನ ಗಂಡನ ಹೆಸರನ್ನೇಕೆ ತಂದೆ ಎಂದರೆ, ಅವನಿಲ್ಲದೆ ಈ ಕಥೆ ಇಲ್ಲ.

ನಮ್ಮ ಊರಿನಲ್ಲಿ ಚಳಿ ಕಳೆದು ತೆಂಕಣ ಗಾಳಿ ತಿರುಗಿದ ದಿನದಿಂದ ನಲವತ್ತು ದಿನ ಯಾರಿಗೂ ಮಾತು ಹೊರಡುವುದಿಲ್ಲ. ಹಾಡಿದರೆ ಮಾತ್ರ ಹೊರಡುತ್ತದೆ. ರಾಗ ತಪ್ಪಿದರೆ ಪದ ಅರ್ಧಕ್ಕೇ ನಿಂತು ಗಂಟಲು ಮುಚ್ಚಿಕೊಳ್ಳುತ್ತದೆ. ಇದಕ್ಕೆ ನಾವು ಬಾಯಿಕಟ್ಟು ಎನ್ನುತ್ತೇವೆ. ವ್ಯಾಜ್ಯಗಳಿದ್ದರೆ ಗಾಳಿ ತಿರುಗುವ ಮೊದಲೇ ಮುಗಿಸಿಕೊಳ್ಳುತ್ತೇವೆ, ಇಲ್ಲವಾದರೆ ಮುಂದೂಡುತ್ತೇವೆ. ಹೊಸದಾಗಿ ಮದುವೆಯಾದ ಹುಡುಗಿಯರು ಮಾತ್ರ ಬಾಯಿಕಟ್ಟು ಬರಲಿ ಎಂದು ಕಾಯುತ್ತಾರೆ. ಅತ್ತೆ ಬೈಯಬೇಕಾದರೂ ಹಾಡಿಯೇ ಬೈಯಬೇಕಲ್ಲ! ಪೇಟೆಯಲ್ಲಿ ಮೀನು ಮಾರುವವರು, ಎಣ್ಣೆ ಮಾರುವವರು, ಕಟ್ಟಿಗೆಯವರು ಎಲ್ಲರೂ ಹಾಡುತ್ತಾರೆ. ಹಡಗಿನಿಂದ ಇಳಿದ ಪರಂಗಿಯವರಿಗೂ ಇದರಿಂದ ವಿನಾಯಿತಿ ಇಲ್ಲ. ಕೋಟೆಯ ಕಪ್ತಾನನೂ ಹಾಡಿಯೇ ಹುಕುಂ ಕೊಡಬೇಕು.

ಹತ್ತಿರ ನಿಂತು ನಾಲ್ಕು ಮಾತು ಆಡುವುದಕ್ಕೆ ಯಾವ ರಾಗವಾದರೂ ನಡೆಯುತ್ತದೆ. ಆದರೆ ದೂರಕ್ಕೆ ಕೂಗಿ ಹೇಳಬೇಕಾದದ್ದು, ಅವಸರದಲ್ಲಿ ಹೇಳಬೇಕಾದದ್ದು ಇರುತ್ತದಲ್ಲ? ಬೆಂಕಿ ಬಿದ್ದಾಗ, ಹೆರಿಗೆ ನೋವು ಬಂದಾಗ, ಅಳಿವೆಯಲ್ಲಿ ನೀರು ತಿರುಗಿದಾಗ ರಾಗ ಹುಡುಕುತ್ತ ಕೂತರೆ ಆಗುವುದಿಲ್ಲ. ಅಂಥ ಹೊತ್ತಿಗೆಂದು ಒಂದೊಂದಕ್ಕೂ ಒಂದೊಂದು ರಾಗ ಕಟ್ಟಿಕೊಟ್ಟವರು ಕುಸ್ತೋದ್ ಮೇಸ್ತ್ರಿಗಳು. ರಾಗ ಕೇಳಿದರೆ ಸಾಕು, ಪದ ಕಿವಿಗೆ ಬೀಳದಿದ್ದರೂ ಸುದ್ದಿ ಏನೆಂದು ಊರಿಗೆ ಗೊತ್ತಾಗುತ್ತಿತ್ತು.

ಅವರು ಹುಟ್ಟಿದ್ದು ಚಿಪ್ಪು ಸುಟ್ಟು ಸುಣ್ಣ ಮಾಡುವ ಸುಣ್ಣಗೇರಿಯಲ್ಲಿ. ಎಂಟನೆಯ ವಯಸ್ಸಿಗೆ ದನಿ ಚೆನ್ನಾಗಿದೆಯೆಂದು ಪಾದ್ರಿಗಳು ಇಗರ್ಜಿಗೆ ಕರೆದುಕೊಂಡರು. ಅಲ್ಲಿ ಲತೀನು ಕಲಿತರು, ಆರ್ಗನ್ ಕಲಿತರು, ನಾಲ್ಕು ದನಿಗಳನ್ನು ನಾಲ್ಕು ದಾರಿಯಲ್ಲಿ ನಡೆಸಿ ಕೊನೆಗೆ ಒಂದೇ ಮನೆಗೆ ಸೇರಿಸುವ ವಿದ್ಯೆಯನ್ನೂ ಕಲಿತರು. ಹತ್ತೊಂಬತ್ತು ತುಂಬಿದಾಗ ಹಾಡಿನ ಮೇಸ್ತ್ರಿಯಾಗಿದ್ದ ಪರಂಗಿ ಮುದುಕ ಜ್ವರದಿಂದ ತೀರಿಕೊಂಡ. ಬೇರೊಬ್ಬ ಮೇಸ್ತ್ರಿ ಹಡಗಿನಲ್ಲಿ ಬರುವವರೆಗೆ ನೀನೇ ಹಂಗಾಮಿಯಾಗಿ ನೋಡಿಕೋ ಎಂದರು. ಆ ಹಡಗು ಬರಲಿಲ್ಲ. ನಲವತ್ತೈದು ವರ್ಷ ಅವರು ಹಂಗಾಮಿಯಾಗಿಯೇ ಉಳಿದರು. ಖಾಯಂ ಮಾಡಿರೆಂದು ಅವರು ಬರೆದ ಪತ್ರಗಳಿಗೆ ರಾಜಧಾನಿಯಿಂದ ಬಂದ ಉತ್ತರಗಳಲ್ಲಿ ದೇವರ ಆಶೀರ್ವಾದ ಇರುತ್ತಿತ್ತು, ಹುದ್ದೆ ಇರುತ್ತಿರಲಿಲ್ಲ. ಆ ಉತ್ತರಗಳ ಹಿಂಬದಿ ಖಾಲಿ ಇರುತ್ತಿದ್ದುದರಿಂದ ಮೇಸ್ತ್ರಿಗಳು ಅಲ್ಲಿ ಸಂಗೀತ ಬರೆಯುತ್ತಿದ್ದರು.

ಸಿಡುಕಿನ ಮನುಷ್ಯ. ಮೂಗಿಗೆ ನಸ್ಯ ಏರಿಸದೆ ಒಂದು ಸಾಲೂ ಬರೆಯುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಊರಿಗೆಂದು ಹೊಸ ರಾಗ ಕಟ್ಟಿದಾಗಲೆಲ್ಲ ಮೊದಲು ಗಂಟೆ ಬಾರಿಸುವ ಲೋರ್ಸಣ್ಣನನ್ನು ಕರೆದು ಹಾಡಿಸುತ್ತಿದ್ದರು. ಲೋರ್ಸಣ್ಣನ ಗಂಟಲೆಂದರೆ ಒಡೆದ ಮಡಕೆ. "ಒಳ್ಳೆ ಗಂಟಲಿನವ ಏನು ಕೊಟ್ಟರೂ ಹಾಡುತ್ತಾನೆ, ಇವನ ಬಾಯಲ್ಲಿ ನಿಂತರೆ ಊರಲ್ಲಿ ನಿಂತ ಹಾಗೆ," ಎನ್ನುತ್ತಿದ್ದರು.

ಹೊಸ ಬಿಷಪ್ಪರು ಬಂದದ್ದು ನನಗೆ ಮೂವತ್ತೊಂದು ವರ್ಷವಾಗಿದ್ದಾಗ. ತೆಳ್ಳಗೆ, ಎತ್ತರ, ನಡೆಯುವಾಗ ನೆಲ ನೋಡುವವರು. ನಮ್ಮ ಮಾತನ್ನು ಪುಸ್ತಕದಿಂದ ಕಲಿತು ಬಂದಿದ್ದರು. ಗಾಳಿ ತಿರುಗುವುದಕ್ಕೆ ಹದಿನೈದು ದಿನ ಮೊದಲು ಮೇಸ್ತ್ರಿಗಳು ಅವರ ಬಳಿ ಹೋಗಿ, "ಸ್ವಾಮಿ, ಬಾಯಿಕಟ್ಟಿಗೆ ಮೊದಲು ಸ್ವಲ್ಪ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು, ನಾನು ಕಲಿಸುತ್ತೇನೆ," ಎಂದರಂತೆ. "ನನಗೆ ಕಲಿಸುವವನು ನೀನೇ?" ಎಂದು ಕೇಳಿ ಕಳಿಸಿಬಿಟ್ಟರಂತೆ.

ಬಾಯಿಕಟ್ಟಿನ ಮೊದಲ ಭಾನುವಾರ ಇಗರ್ಜಿ ತುಂಬಿತ್ತು. ಬಿಷಪ್ಪರು ಪೀಠದ ಮುಂದೆ ನಿಂತು ಕೈಯೆತ್ತಿ ಹಾಡತೊಡಗಿದರು. ಎರಡು ಪದ ಹೊರಟಿತು. ಮೂರನೆಯದು ಹೊರಳಿತು, ಕೀರಲಾಯಿತು, ನಿಂತೇಬಿಟ್ಟಿತು. ಮತ್ತೆ ಪ್ರಯತ್ನಿಸಿದರು. ಈ ಸಲ ಕೋಳಿಯ ಕತ್ತು ಹಿಸುಕಿದಂಥ ಸದ್ದು. ಆ ನಿಶ್ಶಬ್ದದಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗುವಿಗೆ ರಾಗ ಬೇಕಿಲ್ಲವಲ್ಲ. ಮಹಡಿಯ ಕಡೆಯಿಂದ ಬಂದ ಆ ನಗು ಇಡೀ ಇಗರ್ಜಿಗೆ ಕೇಳಿಸಿತು. ಬಿಷಪ್ಪರು ತಲೆಯೆತ್ತಿ ನೋಡಿದರು. ಅವರ ಮುಖ ಕೆಂಪಾಗಲಿಲ್ಲ, ಬೆಳ್ಳಗಾಯಿತು ಎಂದು ಕೆಳಗಿದ್ದವರು ಆಮೇಲೆ ಹೇಳಿದರು.

ನಕ್ಕವಳು ನಾನು. ತಿದಿಯ ಗೂಡಿನಲ್ಲಿ, ಯಾರಿಗೂ ಕಾಣದಂತೆ.

ಮರುದಿನ ಇಗರ್ಜಿಯ ಬಾಗಿಲಿಗೆ ಚೀಟಿ ಅಂಟಿತು. ಓದು ಬಲ್ಲವರು ಉಳಿದವರಿಗೆ ಸನ್ನೆಯಲ್ಲಿ ತಿಳಿಸಿದರು. ಹಾಡು ದೇವರ ಸೊತ್ತು. ಬಿಷಪ್ಪರು ಸಹಿ ಹಾಕಿದ ಪುಸ್ತಕದಲ್ಲಿರುವ ಇಗರ್ಜಿಯ ಸಂಗೀತವನ್ನು ಬಿಟ್ಟು ಇನ್ಯಾವ ಹಾಡನ್ನೂ ಬೀದಿಯಲ್ಲಾಗಲಿ, ಪೇಟೆಯಲ್ಲಾಗಲಿ, ದೋಣಿ ಕಟ್ಟುವ ದಕ್ಕೆಯಲ್ಲಾಗಲಿ ಹಾಡಕೂಡದು. ಹಾಡಿದವರಿಗೆ ಕಂಬಕ್ಕೆ ಕಟ್ಟಿ ಹನ್ನೆರಡು ಛಡಿ ಏಟು.

ಊರು ಮೂಕವಾಯಿತು. ಮೀನಿನವರು ಬುಟ್ಟಿ ತಟ್ಟಿ ಕರೆದರು. ಮಕ್ಕಳನ್ನು ಕರೆಯಲು ತಾಯಂದಿರು ತಟ್ಟೆ ಬಡಿದರು. ನಾಲ್ಕು ದಿನಕ್ಕೇ ಬಸ್ತ್ಯಾಂವ್ ಸಿಕ್ಕಿಬಿದ್ದ. ಅವನು ದಕ್ಕೆಯ ತುದಿಯಲ್ಲಿ ನಿಂತು ಅಳಿವೆಯ ನೀರು ನೋಡುವವನು. ಸಮುದ್ರದ ನೀರು ತಿರುಗಿ ಮರಳುದಿಬ್ಬದ ಮೇಲೆ ಅಲೆ ಮುರಿಯಲು ತೊಡಗಿದರೆ "ನೀರು ತಿರುಗಿತು" ಎಂದು ಹಾಡಿ ದೋಣಿಗಳನ್ನು ಎಚ್ಚರಿಸುವುದು ಅವನ ಕೆಲಸ. ಅಭ್ಯಾಸಬಲದಿಂದ ಹಾಡಿಬಿಟ್ಟಿದ್ದ. ಹನ್ನೆರಡು ಏಟು ಬಿತ್ತು.

ಮರುದಿನ ಮಧ್ಯಾಹ್ನ ನನ್ನ ಗಂಡ ಆಚೆ ದಡದಿಂದ ಮೂವರನ್ನು ಕೂರಿಸಿಕೊಂಡು ಬರುತ್ತಿದ್ದ. ನೀರು ತಿರುಗಿತು. ಬಸ್ತ್ಯಾಂವ್ ಬೆನ್ನಿನ ಅಂಗಿ ಇನ್ನೂ ಗಾಯಕ್ಕೆ ಅಂಟಿಕೊಂಡಿತ್ತು. ಅವನು ಹಾಡಲಿಲ್ಲ. ತಲೆಯ ಬಟ್ಟೆ ಬಿಚ್ಚಿ ಬೀಸಿದ, ಕುಣಿದ, ದಡದುದ್ದಕ್ಕೂ ಓಡಿದ. ಹುಟ್ಟು ಹಾಕುವವನು ಹೋಗುವ ದಡಕ್ಕೆ ಬೆನ್ನು ಮಾಡಿ ಕೂತಿರುತ್ತಾನೆ. ಎದುರು ಕೂತ ಮೂವರಿಗೆ ಆ ಕುಣಿತದ ಅರ್ಥ ತಿಳಿಯಲಿಲ್ಲ. ಸಾಂತಾನ್ ತಿರುಗಿ ನೋಡಲಿಲ್ಲ. ನೋಡುವ ಅಗತ್ಯ ಅವನಿಗೆ ಎಂದೂ ಬಿದ್ದಿರಲಿಲ್ಲ, ಕಿವಿಯಿತ್ತಲ್ಲ. ದೋಣಿ ದಿಬ್ಬಕ್ಕೆ ಅಡ್ಡ ಬಿದ್ದು ಮಗುಚಿತು. ಕೂತವರು ಮೂವರೂ ದೋಣಿಯ ಬೆನ್ನು ಹಿಡಿದು ಬದುಕಿದರು. ಸಾಂತಾನ್ ಮೂರನೆಯ ದಿನ ಸಿಕ್ಕಿದ.

ಬಾಯಿಕಟ್ಟಿನಲ್ಲಿ ಅಳುವುದಕ್ಕೂ ರಾಗ ಬೇಕಿಲ್ಲ. ಆದರೆ "ನನ್ನ ಗಂಡ" ಎಂದು ಎರಡು ಪದ ಹೇಳಿ ಅಳಬೇಕಾದರೆ ಹಾಡಬೇಕು. ನಾನು ಅದನ್ನೂ ಹೇಳದೆ ಅತ್ತೆ.

ನಲವತ್ತು ದಿನ ಕಳೆದು ಮಾತು ಮರಳಿದ ಬೆಳಿಗ್ಗೆ ನಾನು ನೇರ ಮೇಸ್ತ್ರಿಗಳ ಕೋಣೆಗೆ ಹೋದೆ. ಇಗರ್ಜಿಯ ಹಿಂದೆ, ಬಾವಿಯ ಪಕ್ಕದ ಕೋಣೆ. ಅವರು ಲೇಖನಿ ಚೂಪು ಮಾಡುತ್ತಿದ್ದರು. ಅವರ ಎರಡೂ ಕಿವಿಗಳನ್ನು ಒಟ್ಟಿಗೆ ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ.

"ಕೂತುಕೋ ದುಲ್ಸಿನ್‌ಬಾಯಿ," ಎಂದರು.

"ಕೂರಲು ಬಂದಿಲ್ಲ. ಆ ಚೀಟಿ ಅಂಟಿಸಿದ ದಿನ ನೀವೇನು ಮಾಡುತ್ತಿದ್ದಿರಿ, ಮೇಸ್ತ್ರಿಗಳೇ? ನಿಮಗೆ ಬರೆಯಲು ಬರುತ್ತದೆ, ಲತೀನು ಬರುತ್ತದೆ. ಇದರಿಂದ ಜನ ಸಾಯುತ್ತಾರೆ ಅಂತ ಒಂದು ಸಾಲು ಬರೆದು ಅವರ ಕೈಗೆ ಕೊಡಬಹುದಿತ್ತಲ್ಲ?"

ಅವರು ಲೇಖನಿಯನ್ನು ಕೆಳಗಿಟ್ಟರು. "ಕೊಡಬಹುದಿತ್ತು," ಎಂದರು. "ಹೆದರಿದೆ. ಹಂಗಾಮಿ ಮನುಷ್ಯ ನಾನು. ನಲವತ್ತನಾಲ್ಕು ವರ್ಷ ಕಾದದ್ದು ಒಂದು ದಿನದಲ್ಲಿ ಹೋಗುತ್ತದೆ ಅಂತ ಹೆದರಿದೆ. ಆ ರಾಗ ನಾನು ಕಟ್ಟಿದ್ದು, ಬಾಯಿ. ನೀರು ತಿರುಗಿದ ರಾಗ. ಅದನ್ನು ಹಾಡುವುದಕ್ಕೆ ಹೆದರಬೇಕಾದ ದಿನ ಬಂತು, ನಾನು ಮೇಲೆ ಕೂತು ಆರ್ಗನ್ ಬಾರಿಸುತ್ತಿದ್ದೆ."

ನನ್ನ ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ನಿಂತುಬಿಟ್ಟಿತು. "ಅವತ್ತು ನಕ್ಕವಳು ನಾನು," ಎಂದೆ. ಅದುವರೆಗೂ ಯಾರಿಗೂ ಹೇಳಿರಲಿಲ್ಲ.

"ಗೊತ್ತು. ತಿದಿ ಒಂದು ಸಲ ತಪ್ಪಿತ್ತು," ಎಂದರು. "ನಾನೂ ಒಳಗೊಳಗೇ ನಕ್ಕೆ. ನಗುವುದು ಕೊಲೆಯಲ್ಲ. ನಕ್ಕವರ ಮೇಲಿನ ಸಿಟ್ಟನ್ನು ಊರಿನ ಗಂಟಲಿಗೆ ಕಟ್ಟಿದರಲ್ಲ, ಆ ತಪ್ಪು ಅವರದು. ಅದನ್ನು ನೋಡಿ ಸುಮ್ಮನಿದ್ದದ್ದು ನನ್ನದು. ನಿನ್ನ ಪಾಲಿಗೆ ಏನೂ ಉಳಿಯುವುದಿಲ್ಲ."

ಆಮೇಲೆ ಎದ್ದು ಬಾಗಿಲ ಚೀಟಿಯ ನಕಲನ್ನು ತಂದು ನನ್ನ ಮುಂದೆ ಹಿಡಿದು ಬೆರಳಿಟ್ಟು ಓದಿದರು. "ಬಿಷಪ್ಪರು ಸಹಿ ಹಾಕಿದ ಪುಸ್ತಕದಲ್ಲಿರುವ ಇಗರ್ಜಿಯ ಸಂಗೀತವನ್ನು ಬಿಟ್ಟು. ನೋಡು, ಇಲ್ಲೊಂದು ಬಾಗಿಲಿದೆ. ಊರಿನ ರಾಗಗಳು ಆ ಪುಸ್ತಕದಲ್ಲಿದ್ದರೆ?"

"ಬಂಗುಡೆ ಮೀನು ಮಾರುವ ರಾಗಕ್ಕೆ ಬಿಷಪ್ಪರು ಸಹಿ ಹಾಕುತ್ತಾರೆಯೇ?"

"ಬಂಗುಡೆ ಅಂತ ಬರೆದರೆ ಹಾಕುವುದಿಲ್ಲ. ಗ್ಲೋರಿಯ ಅಂತ ಬರೆದರೆ ಹಾಕುತ್ತಾರೆ."

ಹೀಗೆ ಶುರುವಾಯಿತು. ಅವರು ನಾಲ್ಕು ದನಿಗಳ ಒಂದು ಇಡೀ ಪೂಜೆಯ ಸಂಗೀತ ಬರೆಯುವುದು, ಒಂದೊಂದು ಭಾಗದ ಒಳಗೂ ಊರಿನ ಒಂದೊಂದು ರಾಗವನ್ನು ಒಂದು ದನಿಗೆ ಕೊಡುವುದು. ಮೇಲೆ ಲತೀನು ಪದ, ಸುತ್ತಲೂ ಉಳಿದ ಮೂರು ದನಿಗಳ ಓಡಾಟ. ಕೇಳಿದವರಿಗೆ ದೇವರ ಸ್ತುತಿ. ಆ ಒಂದು ದನಿಯನ್ನು ಬಿಡಿಸಿಕೊಂಡು ಬೀದಿಯಲ್ಲಿ ಹಾಡಿದವರಿಗೆ ತಮ್ಮ ಹಳೆಯ ರಾಗ.

ನನ್ನ ಕೆಲಸ ರಾಗಗಳನ್ನು ತಂದುಕೊಡುವುದು. ಮೂವತ್ತು ವರ್ಷಗಳಲ್ಲಿ ಊರು ಅವುಗಳನ್ನು ತನ್ನ ಬಾಯಿಗೆ ತಕ್ಕ ಹಾಗೆ ತಿದ್ದಿಕೊಂಡಿತ್ತು. ಮಾತಿರುವ ದಿನಗಳಲ್ಲಿ ಇಗರ್ಜಿಯ ಹೊರಗೆ ನಮ್ಮಲ್ಲಿ ಯಾರೂ ಹಾಡುವುದಿಲ್ಲ, ನಾಚಿಕೆ. ನಾನು ಮನೆಮನೆಗೆ ಹೋಗಿ ಒಲೆಯ ಮುಂದೆ ಕೂತು ಕೇಳಿದೆ. ಮೀನಿನ ಅವುಲೀನ್ ಸೆರಗು ಬಾಯಿಗೆ ಅಡ್ಡ ಹಿಡಿದು ಗುನುಗಿದಳು. ಅದನ್ನು ಹೊತ್ತುಕೊಂಡು ಬಂದು ಮೇಸ್ತ್ರಿಗಳಿಗೆ ಒಪ್ಪಿಸಿದರೆ ಕಿವಿ ಕೆಂಪಾಯಿತು.

"ನಾನು ಮಾಡಿದ್ದು ಹೀಗಲ್ಲ!"

"ಅವಳು ಹಾಡುವುದು ಹೀಗೆ."

ಇನ್ನೊಮ್ಮೆ ಹಾಡಿಸಿದರು. ನಸ್ಯ ಏರಿಸಿದರು. ಕೊನೆಗೆ, "ಥತ್, ಇದು ನನ್ನದಕ್ಕಿಂತ ಚೆನ್ನಾಗಿದೆ," ಎಂದು ಅವುಲೀನ್ ಹಾಡಿದ ಹಾಗೆಯೇ ಬರೆದುಕೊಂಡರು.

ಸೂಲಗಿತ್ತಿ ಚೆನ್ನಕ್ಕ ಕೈ ಅಡ್ಡ ಮಾಡಿದಳು. ಅವಳು ನಮ್ಮ ಮತದವಳಲ್ಲ, ಕೆರೆಯಾಚೆಯ ಅಮ್ಮನ ಗುಡಿಗೆ ನಡೆದುಕೊಳ್ಳುವವಳು. ನಾನು ಅವಳನ್ನು ಮೇಸ್ತ್ರಿಗಳ ಬಳಿಗೇ ಕರೆದುಕೊಂಡು ಹೋದೆ. "ನನ್ನನ್ನು ಕರೆಯುವ ರಾಗಕ್ಕೆ ನಿಮ್ಮ ದೇವರ ಮಾತು ಸೇರಿಸಿದರೆ ನಮ್ಮಮ್ಮ ಮುನಿಯುವುದಿಲ್ಲವಾ?" ಎಂದು ಕೇಳಿದಳು.

"ಕೀರಿಯೆ ಎಲೈಸೊನ್ ಅಂದರೆ ಕರುಣೆ ತೋರು ಅಂತ, ಚೆನ್ನಕ್ಕ. ನೋವು ತಿನ್ನುವ ಹೆಂಗಸಿನ ಮನೆಯಿಂದ ಆ ಮಾತು ಬಂದರೆ ಯಾವ ಅಮ್ಮ ಮುನಿಯುತ್ತಾಳೆ?"

ಚೆನ್ನಕ್ಕ ಯೋಚಿಸಿದಳು. "ಆ ಮಾತಾದರೆ ಅಡ್ಡಿಯಿಲ್ಲ," ಎಂದಳು.

ಕೀರಿಯೆಗೆ ಸೂಲಗಿತ್ತಿಯ ರಾಗ. ದೇವರ ಮಹಿಮೆ ಹಾಡುವ ಗ್ಲೋರಿಯಕ್ಕೆ ಬಂಗುಡೆಯ ರಾಗ. ಸಾಂಕ್ತುಸ್ ಎಂಬ ಭಾಗಕ್ಕೆ ಬೆಂಕಿಯ ರಾಗ. ಕೊನೆಯದಾದ ಆಞ್ಞುಸ್ ದೇಯಿಗೆ ನೀರು ತಿರುಗಿದ ರಾಗ. ಅಲ್ಲಿ ಬಂದು ಸಿಕ್ಕಿಕೊಂಡಿತು. ಆ ರಾಗ ಕೆಳಗಿನಿಂದ ತಟ್ಟನೆ ಮೇಲಕ್ಕೆ ಹಾರುತ್ತದೆ, ಅಲೆಯ ಸದ್ದನ್ನು ದಾಟಿ ಹೋಗಬೇಕಲ್ಲ. ಅದು ಹಾರಿದಾಗಲೆಲ್ಲ ಉಳಿದ ಮೂರು ದನಿಗಳು ಅದಕ್ಕೆ ಡಿಕ್ಕಿ ಹೊಡೆಯುತ್ತಿದ್ದವು. ಹತ್ತೊಂಬತ್ತು ದಿನ ಮೇಸ್ತ್ರಿಗಳು ಬರೆದರು, ಹೊಡೆದುಹಾಕಿದರು. ಗಡ್ಡ ಬೋಳಿಸಲಿಲ್ಲ. ಮೊದಲೇ ಇದ್ದ ಉಬ್ಬಸ ಹೆಚ್ಚಾಯಿತು. ನನಗೇ ನೋಡಲಾಗದೆ, "ಆ ಹಾರುವ ಜಾಗ ಸ್ವಲ್ಪ ತಗ್ಗಿಸಿಬಿಡಿ ಮೇಸ್ತ್ರಿಗಳೇ," ಎಂದೆ.

ಅವರು ನನ್ನನ್ನು ನೋಡಿದ ರೀತಿ ಇವತ್ತಿಗೂ ನೆನಪಿದೆ. "ತಗ್ಗಿಸಿದರೆ ದೋಣಿಯವನಿಗೆ ಗುರುತು ಸಿಗುವುದಿಲ್ಲ. ಈ ರಾಗ ಇದ್ದ ಹಾಗೇ ಇರಬೇಕು. ಉಳಿದ ಮೂರು ದನಿ ಬಗ್ಗಲಿ."

ಬಗ್ಗಿಸಿದರು. ಇಪ್ಪತ್ತನೆಯ ದಿನ ನಾನು ತಿದಿ ಒತ್ತಿದೆ, ಅವರು ಬಾರಿಸಿದರು. ಮೂರು ದನಿಗಳು ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟವು, ಆ ರಾಗ ಅವುಗಳ ನಡುವಿನಿಂದ ಎದ್ದು ಹೋಯಿತು. ಸಾಂತಾನ್ ಸತ್ತ ಮೇಲೆ ಮೊದಲ ಬಾರಿಗೆ ಅದನ್ನು ತಡೆಯಿಲ್ಲದೆ ಪೂರ್ತಿಯಾಗಿ ಕೇಳಿದ್ದು. ಕೈ ನಿಲ್ಲಿಸಿದರೆ ಗಾಳಿ ನಿಲ್ಲುತ್ತದೆ ಎಂದು ನಾನು ಅಳುತ್ತಲೇ ಒತ್ತಿದೆ.

ಬಿಷಪ್ಪರು ಕೇಳಲು ಬಂದದ್ದು ಒಂದು ಸಂಜೆ. ಖಾಲಿ ಇಗರ್ಜಿಯಲ್ಲಿ ಮುಂದಿನ ಬೆಂಚಿನ ಮೇಲೆ ಒಬ್ಬರೇ ಕೂತರು. ಹಾಡುಗಾರರಿಗೆ ಒಳಗಿನ ಗುಟ್ಟು ಗೊತ್ತಿತ್ತು. ಆದರೂ ಹಾಡು ನಡುಗಲಿಲ್ಲ. ಮುಗಿದ ಮೇಲೆ ಬಿಷಪ್ಪರು ಏಳಲೇ ಇಲ್ಲ. ಮೇಸ್ತ್ರಿಗಳು ಕೆಳಗೆ ಹೋದರು, ಪುಸ್ತಕ ಹಿಡಿದುಕೊಂಡು ನಾನೂ ಹೋದೆ. ಆ ಮನುಷ್ಯನ ಕಣ್ಣು ಒದ್ದೆಯಾಗಿತ್ತು.

"ನನ್ನ ದೇಶದ ದೊಡ್ಡ ಇಗರ್ಜಿಗಳಲ್ಲೂ ಇಂಥದನ್ನು ಕೇಳಿಲ್ಲ," ಎಂದರು. "ಕೊನೆಯ ಭಾಗದಲ್ಲಿ ಒಂದು ದನಿ ಎದ್ದು ಹೋಗುತ್ತದಲ್ಲ, ಅದು ನಿನಗೆ ಎಲ್ಲಿಂದ ಹೊಳೆಯಿತು?"

"ಸಮುದ್ರದಿಂದ, ಸ್ವಾಮಿ," ಎಂದರು ಮೇಸ್ತ್ರಿಗಳು.

ಬಿಷಪ್ಪರು ಅಲ್ಲೇ ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡು ಪ್ರತಿ ಪುಟಕ್ಕೂ ಸಹಿ ಹಾಕಿದರು. ಹೊರಗೆ ಬಂದ ಮೇಲೆ ನಾನು ಗೆದ್ದೆವೆಂದು ಹಿಗ್ಗಿದೆ. ಮೇಸ್ತ್ರಿಗಳು ಹಿಗ್ಗಲಿಲ್ಲ. "ಅಯ್ಯೋ ಪಾಪ," ಎಂದರು. "ಅವರಿಗೆ ಕಿವಿ ಕೊಟ್ಟ ದೇವರು ಗಂಟಲು ಕೊಟ್ಟಿಲ್ಲ. ಇದಕ್ಕಿಂತ ಶಿಕ್ಷೆ ಇದೆಯೇ?"

"ನಿಮ್ಮ ಅಯ್ಯೋ ಪಾಪ ನನ್ನ ಹತ್ತಿರ ಬೇಡ," ಎಂದೆ ನಾನು.

ಎರಡನೆಯ ಬಾಯಿಕಟ್ಟು ಬಂತು. ಗಾಳಿ ತಿರುಗಿದ ಬೆಳಿಗ್ಗೆ ಊರೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿತ್ತು, ಮೊದಲು ಯಾರು ಎಂದು. ಅವುಲೀನ್ ಬುಟ್ಟಿ ತಲೆಗೇರಿಸಿ ಪೇಟೆಯ ನಡುವೆ ಬಂದು ನಿಂತು, ಸೊಂಟಕ್ಕೆ ಕೈಯಿಟ್ಟು, "ಗ್ಲೋರಿಯ ಇನ್ ಎಕ್ಸೆಲ್ಸಿಸ್" ಎಂದು ಎತ್ತಿದಳು. ಅಪ್ಪಟ ಬಂಗುಡೆಯ ರಾಗ! ನಾಲ್ಕು ಬೀದಿಯ ಬೆಕ್ಕುಗಳೂ ಹೆಂಗಸರೂ ಒಟ್ಟಿಗೆ ಓಡಿಬಂದರು. ಛಡಿ ಹಿಡಿದು ಬಂದ ಇಬ್ಬರು ಸಿಪಾಯಿಗಳ ಮುಂದೆ ಮೇಸ್ತ್ರಿಗಳು ಪುಸ್ತಕ ಬಿಡಿಸಿ ಸಹಿ ತೋರಿಸಿದರು. ಸಿಪಾಯಿಗಳಲ್ಲಿ ಒಬ್ಬ ನಮ್ಮವನೇ. ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದ. ಮೂರನೆಯ ದಿನ ಗಾಣಿಗರ ಕೇರಿಯಿಂದ "ಕೀರಿಯೆ" ಕೇಳಿಸಿ ಚೆನ್ನಕ್ಕ ಓಡಿದಳು, ಹೆಣ್ಣು ಕೂಸು ಹುಟ್ಟಿತು. ದಕ್ಕೆಯ ತುದಿಯಿಂದ ಬಸ್ತ್ಯಾಂವ್ ದಿನಕ್ಕೆ ಎರಡು ಸಲ "ಆಞ್ಞುಸ್ ದೇಯಿ" ಎಂದು ಹಾಡಿದ. ಒಂದು ದೋಣಿಯೂ ದಿಬ್ಬಕ್ಕೆ ಬೀಳಲಿಲ್ಲ.

ಒಂಬತ್ತನೆಯ ದಿನ ಬಿಷಪ್ಪರಿಂದ ಕರೆ ಬಂತು. ಮೇಸ್ತ್ರಿಗಳ ಜೊತೆ ನಾನೂ ಹೋದೆ. ಬರಬೇಡ ಎಂದು ಅವರು ಕೈ ಆಡಿಸಿದರು, ನಾನು ಕೇಳಲಿಲ್ಲ. ಪೂಜೆಯ ಬಟ್ಟೆಗಳಿಡುವ ಕೋಣೆಯಲ್ಲಿ ಬಿಷಪ್ಪರು ನಿಂತಿದ್ದರು. ಮೇಜಿನ ಮೇಲೆ ಪುಸ್ತಕ. ಬಾಯಿ ತೆರೆದು, "ನೀನು ನನಗೆ ಮೋ..." ಎಂದು ಹಾಡಿದರು. ಅಲ್ಲಿಗೆ ಗಂಟಲು ಮುಚ್ಚಿತು. "ಮೋಸ" ಎಂಬ ಪದ ಮುಗಿಸಲಾಗದೆ ಮೇಜನ್ನು ಗುದ್ದಿದರು.

ಮೇಸ್ತ್ರಿಗಳು ಮೆಲ್ಲನೆ, ಮಗುವಿಗೆ ಹಾಡುವ ಹಾಗೆ ಹಾಡಿದರು. "ಪದ ದೇವರದು, ಸ್ವಾಮಿ. ಸಹಿ ತಮ್ಮದು. ರಾಗ ಊರಿನದು. ತಮ್ಮ ಕಣ್ಣಲ್ಲಿ ಅವತ್ತು ನೀರು ಬಂದದ್ದು ಸುಳ್ಳಲ್ಲ. ಸೂಲಗಿತ್ತಿಯನ್ನು ಕರೆಯುವ ರಾಗಕ್ಕೆ ಬಂದದ್ದು ಅದು. ದೋಣಿ ಉಳಿಸುವ ರಾಗಕ್ಕೆ ಬಂದದ್ದು."

ಬಿಷಪ್ಪರು ನನ್ನ ಕಡೆ ನೋಡಿದರು, ಇವಳು ಯಾರು ಎಂಬಂತೆ. ನಾನು ಹಾಡಿದೆ. "ಹೋದ ವರ್ಷ ಆ ರಾಗ ಕೇಳಿಸದೆ ಸತ್ತ ದೋಣಿಯವನ ಹೆಂಡತಿ."

ಅವರು ಕಣ್ಣು ಕೆಳಗಿಳಿಸಿದರು. ಆಮೇಲೆ ಕಾಗದ ಎಳೆದುಕೊಂಡು ಬರೆದು ಮೇಸ್ತ್ರಿಗಳ ಕೈಗೆ ಕೊಟ್ಟರು. ಮೇಸ್ತ್ರಿಗಳು ಓದಿ ಮಡಚಿ ಜೇಬಿಗಿಟ್ಟರು. ಹೊರಗೆ ಬಂದು ನನಗೆ ಹಾಡಿ ಹೇಳಿದರು. "ನೀನು ಹಂಗಾಮಿ, ಅದು ಇಂದಿಗೆ ಮುಗಿಯಿತು ಅಂತ ಬರೆದಿದ್ದಾರೆ. ನಲವತ್ತೈದು ವರ್ಷದಲ್ಲಿ ನನಗೆ ಬಂದ ಪತ್ರಗಳಲ್ಲಿ ನೇರವಾಗಿ ಇರುವುದು ಇದೊಂದೇ."

ಬಾಗಿಲ ಚೀಟಿಯನ್ನು ಯಾರೂ ತೆಗೆಯಲಿಲ್ಲ. ಆದರೆ ಯಾರಿಗೂ ಏಟೂ ಬೀಳಲಿಲ್ಲ. ಆ ಮಳೆಗಾಲದಲ್ಲಿ ಅದು ತಾನೇ ಕೊಳೆತು ಬಿತ್ತು.

ಬಾವಿಯ ಪಕ್ಕದ ಕೋಣೆ ಖಾಲಿ ಮಾಡಿಸಿದರು. ನನ್ನ ತಿದಿಯ ಕೆಲಸವೂ ಹೋಯಿತು. ಮಗುಚಿದ ದೋಣಿಯನ್ನು ನಾನು ಅಷ್ಟರಲ್ಲಿ ರಿಪೇರಿ ಮಾಡಿಸಿದ್ದೆ. ಸಾಂತಾನ್‌ನ ಹುಟ್ಟುಗಳನ್ನು ಹಿಡಿದೆ. ತಿದಿ ಒತ್ತಿದ ತೋಳಿಗೆ ಹುಟ್ಟು ಭಾರವಾಗಲಿಲ್ಲ. ಮೇಸ್ತ್ರಿಗಳನ್ನು ನನ್ನ ಮನೆಯ ಜಗಲಿಯ ಕೋಣೆಗೆ ಕರೆತಂದೆ. ಗಂಡ ಸತ್ತವಳ ಮನೆಯಲ್ಲಿ ಗಂಡಸೇ ಎಂದು ಒಂದಿಬ್ಬರು ಮೂಗು ಮುರಿದರು. "ಅರವತ್ತನಾಲ್ಕು ವರ್ಷದ ಉಬ್ಬಸದ ಮುದುಕನ ಮೇಲೆ ಅನುಮಾನ ಪಡುತ್ತಾರಲ್ಲ, ಬದುಕಿದ್ದಕ್ಕೆ ಇದೊಂದು ಮರ್ಯಾದೆ ಸಿಕ್ಕಿತು," ಎಂದು ಮೇಸ್ತ್ರಿಗಳು ನಕ್ಕರು.

ಹಾಡುಗಾರರಿಲ್ಲ, ಆರ್ಗನ್ ಇಲ್ಲ. ಆದರೂ ಅವರು ದಿನವೂ ಬರೆದರು. ಎದೆ ಏರಿಳಿಯುತ್ತಿದ್ದರೂ ಹಲಗೆಯ ಮೇಲೆ ಬಗ್ಗಿ ಕೂರುತ್ತಿದ್ದರು. ಒಂದು ಮಧ್ಯಾಹ್ನ ನಾನು ಗಂಜಿ ಇಟ್ಟು ಏನು ಬರೆಯುತ್ತಿದ್ದೀರಿ ಎಂದು ಕೇಳಿದೆ.

"ಬಿಷಪ್ಪರಿಗೆ."

"ಮತ್ತೆ ಪತ್ರವೇ?"

"ರಾಗ. ಅವತ್ತು ಪೀಠದ ಮುಂದೆ, ಆಮೇಲೆ ಆ ಕೋಣೆಯಲ್ಲಿ, ಎರಡು ಸಲ ಕೇಳಿದ್ದೇನೆ. ಆ ಮನುಷ್ಯನ ಗಂಟಲಲ್ಲಿ ನೇರವಾಗಿ ನಿಲ್ಲುವುದು ಮೂರೇ ಸ್ವರ. ಅದರ ಮೇಲೆ ಹೋದರೆ ಒಡೆಯುತ್ತದೆ, ಕೆಳಗೆ ಹೋದರೆ ಮುಳುಗುತ್ತದೆ. ಮೂರರಲ್ಲಿ ಮಾಡಬಹುದು. ಯಾವ ಮಾತನ್ನಾದರೂ ಅದರ ಮೇಲೆ ಕೂರಿಸಬಹುದು, ಹಾಗೆ ಮಾಡಬೇಕು."

ನಾನು ಗಂಜಿಯ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡೆ. "ಅವರಿಗೆ ಯಾಕೆ? ನಿಮ್ಮನ್ನು ಬೀದಿಗೆ ತಳ್ಳಿದವರಿಗೆ? ನನ್ನ ಗಂಡನನ್ನು..."

"ಬಾಯಿ," ಎಂದರು ಅವರು, ಉಸಿರು ಎಳೆದುಕೊಂಡು. "ಈ ಊರಿನಲ್ಲಿ ಮಾತು ಬಾರದವನ ಕೈಗೆ ಛಡಿ ಸಿಕ್ಕಿದರೆ ಏನಾಗುತ್ತದೆ ಅಂತ ನೋಡಿದೆವಲ್ಲ. ನಾನು ಎಲ್ಲರಿಗೂ ರಾಗ ಕಟ್ಟಿದೆ, ಮೀನಿನವಳಿಗೆ, ದೋಣಿಯವನಿಗೆ. ಒಬ್ಬನಿಗೆ ಕಟ್ಟದೆ ಬಿಟ್ಟೆ. ಬೇಡ ಅಂದರು, ನಾನೂ ಸುಮ್ಮನೆ ಬಂದೆ. ಕೆಲಸ ಅರ್ಧಕ್ಕೆ ನಿಂತಿದೆ. ಅದನ್ನು ಮುಗಿಸದೆ ನಾನು ಸಾಯುವುದಿಲ್ಲ."

ಮೂರು ಸ್ವರದ ಆ ಸಣ್ಣ ರಾಗಕ್ಕೆ ಅವರು ಎರಡು ತಿಂಗಳು ತೆಗೆದುಕೊಂಡರು. ಇಡೀ ಪೂಜೆಯ ಸಂಗೀತಕ್ಕೂ ಅಷ್ಟು ಕಷ್ಟಪಟ್ಟಿರಲಿಲ್ಲ. ಮುದುಕ ಲೋರ್ಸಣ್ಣನನ್ನು ಕರೆಸಿ ಹಾಡಿಸಿದರು. ಅಕಾರಕ್ಕೆ ಸರಿ, ಈಕಾರಕ್ಕೆ ಬಿಗಿಯುತ್ತದೆ ಎಂದು ತಿದ್ದಿದರು. ಮುಗಿದ ದಿನ ನನ್ನನ್ನು ಎದುರು ಕೂರಿಸಿ ಬಾಯಿಪಾಠ ಮಾಡಿಸಿದರು. ನನಗೆ ಮನಸ್ಸಿರಲಿಲ್ಲ, ಆದರೆ ಆ ಉಸಿರಿನಲ್ಲಿ ಅವರು ಹತ್ತು ಸಲ ಹಾಡಿ ತೋರಿಸುವುದನ್ನು ನೋಡಿ ಕಲಿತೆ. "ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು," ಎಂದರು. ಹಲಸು ಹಣ್ಣಾಗುವ ತಿಂಗಳಲ್ಲಿ, ಒಂದು ಬೆಳಿಗ್ಗೆ, ಹಲಗೆಗೆ ಒರಗಿದವರು ಏಳಲಿಲ್ಲ. ಸುಣ್ಣಗೇರಿಯವರೇ ಬಂದು ಹೊತ್ತರು. ಬಿಷಪ್ಪರು ಬರಲಿಲ್ಲ, ಗಂಟೆ ಬಾರಿಸುವುದನ್ನು ತಡೆಯಲೂ ಇಲ್ಲ.

ಮೂರನೆಯ ಬಾಯಿಕಟ್ಟಿನ ಹತ್ತನೆಯ ದಿನ. ಬಿಸಿಲು ನೆತ್ತಿಯ ಮೇಲಿತ್ತು. ನಾನು ಊರಿನ ಕಡೆಯ ದಡದಲ್ಲಿ ದೋಣಿಯ ನೀರು ಎತ್ತಿಹಾಕುತ್ತಿದ್ದೆ. ಆಚೆ ದಡದಲ್ಲಿ ಒಂದು ಮೇನೆ ಬಂದು ನಿಂತಿತು. ಹೊತ್ತವರು ಒಬ್ಬರನ್ನು ಇಳಿಸಿ ಹಿಂದಿರುಗಿದರು. ಇಳಿದವರು ಬಿಷಪ್ಪರು. ಆಚೆ ಹಳ್ಳಿಯಲ್ಲಿ ಸಾಯುತ್ತಿದ್ದ ಪಾದ್ರಿಯೊಬ್ಬರನ್ನು ನೋಡಿ ಬಂದಿದ್ದರೆಂದು ಆಮೇಲೆ ತಿಳಿಯಿತು. ಹೊಳೆ ದಾಟುವ ಕಡವು ಅಲ್ಲಿ ಕಿರಿದು, ಕೂಗಿದರೆ ಕೇಳುತ್ತದೆ. ಅವರು ಕರವಸ್ತ್ರ ತೆಗೆದು ಬೀಸಿದರು.

ಬಟ್ಟೆ ಬೀಸಿದವರಿಗೆ ದೋಣಿ ಬಿಡುವುದಿಲ್ಲ ಎಂದು ಹುಟ್ಟು ಹಿಡಿದ ದಿನವೇ ನಾನು ನಿಶ್ಚಯಿಸಿದ್ದೆ. ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವರನ್ನೇ ನೋಡುತ್ತ ಕೂತೆ. ಅವರು ಬೀಸಿದರು, ನಿಲ್ಲಿಸಿದರು, ಮತ್ತೆ ಬೀಸಿದರು. ನಾನು ನೋಡುತ್ತಿದ್ದೇನೆ ಎಂದು ಅವರಿಗೆ ಗೊತ್ತಾಯಿತು. ನೆರಳಿಲ್ಲದ ದಡ ಅದು. ಕಡೆಗೆ ಬಾಯಿ ತೆರೆದರು. ದೋಣಿ ಕರೆಯುವ ರಾಗ ಕೇಳಿದ್ದರೆಂದು ಕಾಣುತ್ತದೆ, ಅದನ್ನೇ ಹಿಡಿಯಲು ಹೋದರು. ಒಡೆಯಿತು. ಇನ್ನೊಮ್ಮೆ. "ದೋ..." ಎಂದು ನಿಂತಿತು. ಮೂರನೆಯ ಸಲ ಏನೂ ಹೊರಡಲಿಲ್ಲ. ಅವರು ಮರಳಿನ ಮೇಲೆ ಕೂತುಬಿಟ್ಟರು. ತಲೆಯ ಟೊಪ್ಪಿ ತೆಗೆದು ಪಕ್ಕಕ್ಕಿಟ್ಟರು. ಅಷ್ಟು ದೂರದಿಂದಲೂ ಮುದುಕರಾಗಿದ್ದಾರೆಂದು ಕಂಡಿತು.

ನನಗೆ ನಗು ಬರಲಿಲ್ಲ. ಹಾಗೆಂದು ಕರುಣೆಯೂ ಬರಲಿಲ್ಲ, ಸುಳ್ಳು ಹೇಳಬಾರದು. ಕೆಲಸ ಅರ್ಧಕ್ಕೆ ನಿಂತಿದೆ ಎಂದು ಮಾತ್ರ ಅನ್ನಿಸಿತು. ನಾನು ದೋಣಿಯಲ್ಲಿ ಎದ್ದು ನಿಂತೆ. ಮೇಸ್ತ್ರಿಗಳು ಕಲಿಸಿದ ಮೂರು ಸ್ವರಗಳನ್ನು, ಅವರು ಹೇಳಿದಷ್ಟೇ ನಿಧಾನವಾಗಿ, "ದೋಣಿ ಬಾ" ಎಂಬ ಎರಡು ಪದ ಇಟ್ಟು ನೀರಿನ ಮೇಲೆ ಹಾಡಿದೆ. ಅವರು ತಲೆಯೆತ್ತಿದರು. ಇನ್ನೊಮ್ಮೆ ಹಾಡಿದೆ. ಕಿವಿಯಿದ್ದ ಮನುಷ್ಯ, ಬೇಗ ಹಿಡಿದರು. ಎದ್ದು ನಿಂತು, ಎರಡೂ ಕೈ ಎದೆಗೆ ಒತ್ತಿಕೊಂಡು, "ದೋಣಿ ಬಾ," ಎಂದು ಹಾಡಿದರು. ಒರಟು ದನಿ. ಆದರೆ ಪದ ಪೂರ್ತಿ ಹೊರಟಿತು. ತಾವೇ ನಂಬದವರಂತೆ ಮತ್ತೊಮ್ಮೆ ಹಾಡಿದರು. ನಾನು ಹುಟ್ಟು ಹಾಕಿದೆ.

ದೋಣಿಯಲ್ಲಿ ನನಗೆ ಎದುರಾಗಿ ಕೂತರು. ಅರ್ಧ ಹೊಳೆ ದಾಟುವವರೆಗೆ ಅವರ ತುಟಿ ಅಲುಗುತ್ತಿತ್ತು, ಒಳಗೇ ಏನನ್ನೋ ಆ ಮೂರು ಸ್ವರಗಳ ಮೇಲೆ ಜೋಡಿಸಿ ನೋಡುತ್ತಿದ್ದರು. ಆಮೇಲೆ ಹಾಡಿದರು, ಒಂದೊಂದೇ ಪದ.

"ನಿನ್ನ ಗಂಡನ ಹೆಸರೇನು?"

ನನ್ನ ಕೈ ನಿಂತಿತು. ಹುಟ್ಟಿನಿಂದ ನೀರು ತೊಟ್ಟಿಕ್ಕಿತು. ದೋಣಿ ತನ್ನ ಪಾಡಿಗೆ ಸ್ವಲ್ಪ ದೂರ ಸಾಗಿತು.

ಹೆಸರು ಹೇಳಿದೆ. ಅವರು ಅದನ್ನು ಹಾಡಿದರು. ಮೊದಲ ಸಲಕ್ಕೇ, ತಪ್ಪದೆ.